ಬೆನ್ನಿಗೆ ಬಿದ್ದ ಖೋ

ಮಕ್ಕಳೇ, ನಿಮ್ಮ ತಾತ ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಖೋ-ಖೋ ಕಲಿಸಿದರು. ಅದು ಎಲ್ಲರಿಗೂ ಗೊತ್ತು. ಅಷ್ಟೂ ವರ್ಷ ಅವರ ಬಿಳಿ ಪ್ಯಾಂಟಿನ ಕೆಮ್ಮಣ್ಣು ಉಜ್ಜಿದವಳು ನಾನು. ಅದು ಯಾರಿಗೂ ಗೊತ್ತಿಲ್ಲ.

ಆ ಆಟದಲ್ಲಿ ಹಿಂದಿನಿಂದ ಬೆನ್ನು ಮುಟ್ಟಿ 'ಖೋ' ಅಂದರೆ ಮಾತ್ರ ಕೂತವರು ಎದ್ದು ಓಡಬೇಕು. ಮೊದಲೇ ಎದ್ದರೆ ಫೌಲು. ಇವರು ಅದನ್ನು ಮನೆಗೂ ತಂದರು. ನಾನು ಹುರುಳಿಕಾಯಿ ಹೆಚ್ಚುತ್ತ ಕೂತಿದ್ದರೆ ಬೆನ್ನು ತಟ್ಟಿ 'ಖೋ' ಅನ್ನುವರು. ಕಾಫಿ ಬೇಕು ಅಂತ ಅರ್ಥ.

"ನಾನೇನು ನಿಮ್ ಟೀಮಲ್ಲಿದೀನೇನ್ರೀ?"

"ಏಳೋದು ಲೇಟಾಯ್ತು. ಪ್ರಾಕ್ಟೀಸ್ ಸಾಲ್ದು ನಿಂಗೆ."

ಟೂರ್ನಮೆಂಟ್ ಬಂತೆಂದರೆ ಹನ್ನೆರಡು ಹುಡುಗಿಯರಿಗೂ ನಮ್ಮ ಮನೆಯಲ್ಲೇ ಊಟ. ಮುಂಚೆ ಹೇಳುವ ಪದ್ಧತಿಯೇ ಇಲ್ಲ. ಬಾಗಿಲಲ್ಲಿ ಚಪ್ಪಲಿಗಳನ್ನು ನೋಡಿ ಅಕ್ಕಿ ಅಳೆಯಬೇಕಿತ್ತು. ನಿಮ್ಮ ಅಮ್ಮ ಹುಟ್ಟಿದ ದಿನವೂ ಇವರು ಯಾವುದೋ ಫೈನಲ್‌ನಲ್ಲಿದ್ದರು. ಆಸ್ಪತ್ರೆಗೆ ಗೆದ್ದ ಕಪ್ಪು ಹಿಡಿದುಕೊಂಡೇ ಬಂದರು.

ಅವರು ಹೋಗಿ ವರ್ಷವಾದಾಗ ಹಳೆಯ ಆಟಗಾರ್ತಿಯರು ಕಾಲೇಜಿನಲ್ಲಿ ಸಭೆ ಇಟ್ಟುಕೊಂಡು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸರ್ ಶಿಸ್ತು, ಸರ್ ತ್ಯಾಗ ಎಂದು ಒಂದೂವರೆ ಗಂಟೆ ಕೇಳಿದೆ. ಕೊನೆಗೆ ಒಬ್ಬಳು, "ಸರ್ ಮನೆ ಊಟ ಮರೆಯೋಕಾಗುತ್ತಾ! ಆ ಸಾರಿನ ರುಚಿ! ಸರ್ ಕೈ ದೊಡ್ಡದು" ಎಂದಳು. ನನ್ನ ಮೈ ಉರಿದುಹೋಯಿತು. ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಕೂಡ ಆ ಕೈಗೆ ಗೊತ್ತಿರಲಿಲ್ಲ.

ಇಂದು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಆದರೆ ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗಿದರೂ ತಲೆ ತಗ್ಗಿಸುತ್ತಿದ್ದವಳು ನಾನು. ಮೈಕಿನಲ್ಲಿದ್ದವಳು "ಅಮ್ಮ, ಎರಡು ಮಾತಾಡಿ" ಎಂದಾಗ ಬೇಡವೆಂದು ಕೈ ಅಲ್ಲಾಡಿಸಿಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ನನ್ನ ಬೆನ್ನು ಮುಟ್ಟಿ, "ಖೋ!" ಎಂದಳು. ಅವಳ ತಲೆಯೆಲ್ಲ ನರೆತಿದೆ, ಹುಡುಗಾಟ ಹೋಗಿಲ್ಲ. ನನ್ನ ದರಿದ್ರ ಅಭ್ಯಾಸ ನೋಡಿ, ಕಾಲುಗಳು ತಾವಾಗಿಯೇ ಎದ್ದವು. ಎದ್ದ ಮೇಲೆ ಮತ್ತೆ ಕೂರುವುದು ಹೇಗೆ? ಮೈಕಿನ ಹತ್ತಿರ ಹೋದೆ.

"ಸಾರು ಮಾಡಿದ್ದು ಸರ್ ಅಲ್ಲ. ನಾನು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. ನಗು ನಿಲ್ಲುವವರೆಗೆ ಮೈಕು ಬಿಡದೆ ನಿಂತು, ಇನ್ನೊಮ್ಮೆ ಹೇಳಿದೆ.