ಕೋಚ್ ಮೇಲೆ ನಾನು ಬರೆದ ದೂರು

ನನ್ನ ಮಗಳಿಗೆ ಸಾಕರ್ ಕಲಿಸಿದವರು ಇಂಗ್ಲೆಂಡಿನ ಒಬ್ಬ ಮುದುಕರು. ಮುದುಕರು ಎಂದರೆ ಅವರಿಗೆ ಆಗುತ್ತಿರಲಿಲ್ಲ. ಅರವತ್ತೈದು ದಾಟಿದ್ದರೂ ಹುಡುಗಿಯರ ಜೊತೆ ಮೈದಾನಕ್ಕೆ ಎರಡು ಸುತ್ತು ಓಡಿ ಬಂದು, ಏದುಸಿರನ್ನು ಮುಚ್ಚಿಟ್ಟುಕೊಂಡು, ಏನೂ ಆಗಿಲ್ಲವೆನ್ನುವ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಅಮೆರಿಕದ ಸಮರ್‌ಸೆಟ್‌ನ ನಮ್ಮ ಮನೆಯಿಂದ ಆ ಮೈದಾನ ಹತ್ತು ನಿಮಿಷದ ದಾರಿ. ಶನಿವಾರ ಬೆಳಿಗ್ಗೆ ನಾವು ತಾಯಂದಿರು ಮಡಚುವ ಕುರ್ಚಿ, ಫ್ಲಾಸ್ಕಿನ ತುಂಬ ಕಾಫಿ ಹಿಡಿದುಕೊಂಡು ಹೋಗಿ ಗೆರೆಯ ಪಕ್ಕ ಕೂರುತ್ತಿದ್ದೆವು. ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಕೂಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಾನೇ.

ಅವರ ಕಥೆ ನನಗೆ ಗೊತ್ತಾದದ್ದು ಒಂದು ಗುಡುಗಿನ ದೆಸೆಯಿಂದ. ಗುಡುಗು ಕೇಳಿದರೆ ಆಟ ನಿಲ್ಲಿಸಿ ಅರ್ಧ ಗಂಟೆ ಕಾರಿನೊಳಗೆ ಕೂರಬೇಕೆಂಬುದು ಇಲ್ಲಿನ ನಿಯಮ. ಅವರ ಕಾರು ದೂರವಿತ್ತು, ನಮ್ಮದರಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಮತ್ತು ಅವಳ ಗೆಳತಿ, ಗೆರೆಯ ಪಕ್ಕ ನನ್ನ ಜೊತೆ ಕೂರುತ್ತಿದ್ದ ಹುಬ್ಬಳ್ಳಿಯವರ ಮಗಳು.

ಕೋಚ್ ಹದಿನೈದನೇ ವಯಸ್ಸಿಗೇ ಶಾಲೆ ಬಿಟ್ಟು, ಬಟ್ಟೆ ಗಿರಣಿಗಳಿದ್ದ ಊರಿನ ಒಂದು ಕ್ಲಬ್ಬಿಗೆ ಆಟ ಕಲಿಯಲು ಸೇರಿದ್ದರಂತೆ. ಮೊದಲ ಎರಡು ವರ್ಷ ಹಿರಿಯ ಆಟಗಾರರ ಬೂಟು ತೊಳೆದದ್ದೇ ತೊಳೆದದ್ದು. ಆಳು ಎತ್ತರವಿದ್ದುದರಿಂದ ಡಿಫೆಂಡರ್ ಮಾಡಿದರು. ಮೇಲಿಂದ ಬಂದ ಚೆಂಡನ್ನೆಲ್ಲ ತಲೆಯಿಂದ ಹೊಡೆದು ಆಚೆ ಕಳಿಸುವುದು ಅವರ ಕೆಲಸ. ಅದಕ್ಕಾಗಿ ಒಂದು ಕೋಣೆಯ ಸೂರಿಗೆ ಹಗ್ಗದಲ್ಲಿ ಚೆಂಡು ಕಟ್ಟಿದ್ದರು. ಬೆಳಿಗ್ಗೆ ಎದ್ದು, ತರಬೇತುದಾರ ಸಾಕು ಎನ್ನುವವರೆಗೂ ಅದಕ್ಕೆ ಹಣೆ ಹೊಡೆಯುತ್ತಿರಬೇಕು. ಮಳೆಯಲ್ಲಿ ನೆನೆದ ತೊಗಲಿನ ಚೆಂಡು ಕಲ್ಲಿನ ಹಾಗಿರುತ್ತಿತ್ತಂತೆ. "ಮನೆಗೆ ಹೋದರೆ ಅಮ್ಮ ಏನು ಹೇಳುತ್ತಿದ್ದಾಳೆಂದು ಅರ್ಧ ಗಂಟೆ ತಿಳಿಯುತ್ತಿರಲಿಲ್ಲ" ಎಂದು ಅವರು ನಕ್ಕರು. ನಾವೂ ನಕ್ಕೆವು.

ದೊಡ್ಡ ಹೆಸರೇನೂ ಬರಲಿಲ್ಲ. ಆಡಿದ್ದೆಲ್ಲ ಮೂರನೇ ದರ್ಜೆಯ ತಂಡಗಳಲ್ಲಿ. ಒಂದೇ ಒಂದು ಸಲ, ಕಪ್ ಪಂದ್ಯದಲ್ಲಿ, ದೊಡ್ಡ ಕ್ಲಬ್ಬೊಂದರ ವಿರುದ್ಧ ತಲೆಯಿಂದಲೇ ಗೋಲು ಹೊಡೆದಿದ್ದರು. ಆ ಪಂದ್ಯ ಸೋತರೂ ಊರಿನವರು ವಾರವಿಡೀ ಇವರಿಗೆ ಬಿಯರ್ ಕುಡಿಸಿದರಂತೆ. ಮೊಣಕಾಲು ಕೈಕೊಟ್ಟ ಮೇಲೆ, ಇಲ್ಲಿನ ಯಾವುದೋ ಲೀಗ್ ಕರೆಸಿಕೊಂಡಿತೆಂದು ಅಮೆರಿಕಕ್ಕೆ ಬಂದರು. ಎರಡು ವರ್ಷಕ್ಕೆ ಆ ಲೀಗೇ ಮುಚ್ಚಿಹೋಯಿತು. ಅಷ್ಟರಲ್ಲಿ ಇಲ್ಲಿನವರೊಬ್ಬರನ್ನು ಮದುವೆಯಾಗಿದ್ದರು. ಬೇಸಿಗೆ ಶಿಬಿರ, ಹೈಸ್ಕೂಲು, ಒಂದು ಕಾಲೇಜಿನಲ್ಲಿ ಸಹಾಯಕ ಕೋಚ್, ಕೊನೆಗೆ ನಮ್ಮ ಹುಡುಗಿಯರು.

ಕಥೆ ಮುಗಿಸಿ ಕಿಟಕಿಯಾಚೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಸಲ ಕಪ್ ಪಂದ್ಯದಲ್ಲಿ ಏನಾಯಿತು ಗೊತ್ತೇ?" ಎಂದು ಅದೇ ಗೋಲನ್ನು ಮೊದಲಿನಿಂದ ಶುರುಮಾಡಿದರು. ಇವರಿಗೆ ಜಂಬ ಜಾಸ್ತಿ ಎಂದುಕೊಂಡೆ. ಅಷ್ಟೇ ನನಗೆ ಹೊಳೆದದ್ದು.

ಮಕ್ಕಳಿಗೆ ಮಾತ್ರ ಅವರೆಂದರೆ ಪ್ರಾಣ. ಅರ್ಧ ಆಟ ಮುಗಿದಾಗ ಮನೆಯಿಂದ ತಾವೇ ಹೆಚ್ಚಿ ತಂದ ಕಿತ್ತಳೆ ಹಣ್ಣನ್ನು ಡಬ್ಬಿಯಿಂದ ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಯಾರಾದರೂ ಚೆಂಡಿಗೆ ತಲೆ ಕೊಡಲು ಹೋದರೆ ಮಾತ್ರ ಕೂಗಾಡುತ್ತಿದ್ದರು. "ತಲೆ ಬೇಡ! ಎದೆ, ಕಾಲು, ಏನಾದರೂ ಕೊಡಿ, ತಲೆ ಬೇಡ!" ಬೇರೆ ತಂಡದ ಮಕ್ಕಳು ಹೆಡ್ ಮಾಡಿ ಗೋಲು ಹೊಡೆಯುವಾಗ ನಮ್ಮವರು ನೋಡುತ್ತ ನಿಂತಿರುತ್ತಿದ್ದರು. ಅದಕ್ಕೂ ನಾವು ಗೊಣಗುತ್ತಿದ್ದೆವು.

ಹೆಸರಿನ ವಿಷಯ ಶುರುವಾದದ್ದು ಆ ವರ್ಷದ ವಸಂತದಲ್ಲಿ. ಹುಬ್ಬಳ್ಳಿಯವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಅಕ್ಕಾರ, ಇವತ್ತೂ ನನ್ನ ಮಗಳಿಗೆ ನಿಮ್ಮ ಮಗಳ ಹೆಸರ ಹಿಡದ ಕರದ್ರು ನೋಡ್ರಿ. ನಮ್ಮ ಹುಡುಗೀರೆಲ್ಲ ಒಂದ ನಮೂನಿ ಕಾಣ್ತಾರೇನ್ ಇವ್ರ ಕಣ್ಣಿಗೆ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅದಕ್ಕೆ ಕಾರಣ ಅವರೊಬ್ಬರೇ ಅಲ್ಲ. ಆಫೀಸಿನಲ್ಲಿ ನನ್ನ ಮೇಲಧಿಕಾರಿ ಆರು ವರ್ಷ ನನ್ನನ್ನು ಪಕ್ಕದ ಮೇಜಿನ ತೆಲುಗಿನವರ ಹೆಸರಿನಿಂದ ಕರೆದಿದ್ದ. ನಾನು ಆರು ವರ್ಷವೂ ಹಲ್ಲು ಬಿಟ್ಟು "ಯೆಸ್" ಅಂದಿದ್ದೆ. ನಾನು ನುಂಗಿಕೊಂಡದ್ದನ್ನು ನನ್ನ ಮಗಳು ನುಂಗಬಾರದು ಎಂದು ನಿಶ್ಚಯ ಮಾಡಿದೆ.

ಒಂದು ಔಷಧ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ. ಎಲ್ಲಿ ಏನು ತಪ್ಪಿದೆಯೋ ಅದನ್ನು ದಿನಾಂಕ, ಸಮಯ, ಸಾಕ್ಷಿ ಸಮೇತ ದಾಖಲಿಸುವುದಕ್ಕೆ ನನಗೆ ಸಂಬಳ. ಅದೇ ರೀತಿ ಫೋನಿನಲ್ಲಿ ಪಟ್ಟಿ ಮಾಡತೊಡಗಿದೆ. ಇಂಥ ಶನಿವಾರ, ಇಷ್ಟು ಗಂಟೆಗೆ, ಇವಳನ್ನು ಅವಳ ಹೆಸರಿನಿಂದ ಕರೆದರು. ಇಂಥ ದಿನ ಇಬ್ಬರನ್ನೂ ಒಂದೇ ಜಾಗದಲ್ಲಿ ಆಡಲು ಕಳಿಸಿದರು. ಇಂಥ ದಿನ, ತಿದ್ದಿದ ಮೇಲೂ ಎರಡು ಸಲ ತಪ್ಪಿದರು. ಬೇಸಿಗೆ ಕಳೆದು ಎಲೆ ಕೆಂಪಾಗುವ ಹೊತ್ತಿಗೆ ಪಟ್ಟಿ ಎರಡು ಪುಟ ತುಂಬಿತ್ತು.

ಒಂದು ದಿನ ಕಾರಿನಲ್ಲಿ ಮಗಳು ಹೇಳಿದಳು. "ಅಮ್ಮಾ, ಹೀ ಮಿಕ್ಸಸ್ ಅಪ್ ಎವ್ರಿವನ್. ನಾಟ್ ಜಸ್ಟ್ ಅಸ್."

"ಸುಮ್ನೆ ಕೂತ್ಕೋ. ನಿಂಗೆ ಇದೆಲ್ಲ ಅರ್ಥ ಆಗಲ್ಲ" ಅಂದೆ.

ಅವಳು ಹೇಳಿದ್ದು ನಿಜ. ಬಿಳಿಯ ಹುಡುಗಿಯರನ್ನು ಅವರು "ಲವ್, ಲವ್" ಎಂದೇ ಕರೆಯುತ್ತಿದ್ದರು. ಇಂಗ್ಲೆಂಡಿನವರ ಅಭ್ಯಾಸವಿರಬೇಕು, ಮುದ್ದಿಗೆ ಹಾಗನ್ನುತ್ತಾರೆ ಎಂದುಕೊಂಡಿದ್ದೆ. ಹೆಸರು ನೆನಪಾಗದೆ ಹಾಗೆ ಕರೆಯುತ್ತಿದ್ದಾರೆಂದು ಅನ್ನಿಸಲೇ ಇಲ್ಲ. ನಮ್ಮ ಇಬ್ಬರು ಹುಡುಗಿಯರ ಹೆಸರನ್ನಾದರೂ ಸರಿಯಾಗಿ ಹೇಳಬೇಕೆಂದು ಅವರು ಪ್ರಯತ್ನ ಪಡುತ್ತಿದ್ದರು, ಪಟ್ಟಾಗಲೆಲ್ಲ ನನ್ನ ಪಟ್ಟಿಗೆ ಸಿಕ್ಕಿಬೀಳುತ್ತಿದ್ದರು. ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡವಳು ಉಳಿದ ಹನ್ನೆರಡು ಹುಡುಗಿಯರ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ಕನ್ನಡ ಕೂಟದಲ್ಲೂ ಇಂಗ್ಲಿಷ್ ಕಾಗದ ಬರೆಯಬೇಕಾದರೆ ನನ್ನ ಹತ್ತಿರವೇ ಬರುತ್ತಾರೆ. ತಂಡ ನಡೆಸುವ ಕ್ಲಬ್ಬಿಗೆ ಈ ದೂರನ್ನು ಮೂರು ಸಲ ತಿದ್ದಿ ಬರೆದೆ. ಭಾರತೀಯ ಮಕ್ಕಳ ಬಗ್ಗೆ ಈ ಕೋಚ್‌ಗೆ ತಾತ್ಸಾರವಿದೆ, ಪಟ್ಟಿ ಲಗತ್ತಿಸಿದೆ ಎಂದು ಮುಗಿಸಿದೆ. ನಮ್ಮಿಬ್ಬರದೂ ಸೇರಿ ತಂಡದ ನಾಲ್ಕು ಮನೆಯವರು ಸಹಿ ಹಾಕಿದರು. ಎರಡು ವಾರದಲ್ಲಿ ಕ್ಲಬ್ಬಿನಿಂದ ಇಮೇಲ್ ಬಂತು. ಕೋಚ್ ವೈಯಕ್ತಿಕ ಕಾರಣಗಳಿಂದ ಬಿಟ್ಟಿದ್ದಾರೆ ಎಂದಿತ್ತು. ಒಂದು ವಿದಾಯವಿಲ್ಲ, ಮಕ್ಕಳಿಂದ ಒಂದು ಕಾರ್ಡಿಲ್ಲ. ಆ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ. ಹೌದು, ಪಾಯಸ ಮಾಡಿದೆ.

ಒಂದೂವರೆ ವರ್ಷದ ಮೇಲೆ ಹುಬ್ಬಳ್ಳಿಯವರ ಫೋನು. ದನಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು. ಸೂಪರ್‌ಮಾರ್ಕೆಟ್‌ನಲ್ಲಿ ಕೋಚ್ ಮತ್ತು ಅವರ ಹೆಂಡತಿ ಸಿಕ್ಕಿದ್ದರಂತೆ. ಕೋಚ್‌ಗೆ ಇವರ ಗುರುತೇ ಹತ್ತಲಿಲ್ಲ. "ಅಕ್ಕಾರ, ಮರವಿನ ಜಡ್ಡ ಅಂತ್ರೀ ಅವರಿಗೆ. ಆವಾಗಿಂದನ ಇತ್ತಂತ. ನಾವು ಏನ್ ಮಾಡಿಬಿಟ್ವಿರೀ?"

ಫೋನಿಟ್ಟು, ಅಳಿಸದೆ ಉಳಿಸಿಕೊಂಡಿದ್ದ ಆ ಪಟ್ಟಿಯನ್ನು ತೆಗೆದು ಓದಿದೆ. ಒಂದೊಂದು ಸಾಲೂ ಬೇರೆಯದನ್ನೇ ಹೇಳುತ್ತಿತ್ತು. ಅಲ್ಲಿ ತಾತ್ಸಾರ ಎಲ್ಲೂ ಇರಲಿಲ್ಲ. ಒಬ್ಬ ಮನುಷ್ಯ ತಿಂಗಳಿಂದ ತಿಂಗಳಿಗೆ ಕಳೆದುಹೋಗುತ್ತಿದ್ದ, ನಾನು ಪಕ್ಕದಲ್ಲಿ ಕಾಫಿ ಕುಡಿಯುತ್ತ ಅದನ್ನು ಗಂಟೆ ನಿಮಿಷ ಸಮೇತ ಬರೆದುಕೊಂಡಿದ್ದೆ.

ಕ್ಷಮೆ ಕೇಳಲೇಬೇಕಿತ್ತು. ಅವರಿಗೆ ಅರ್ಥವಾಗುವಷ್ಟು ನೆನಪು ಉಳಿದಿರುವಾಗಲೇ ಕೇಳಬೇಕಿತ್ತು. ಮುಂದಿನ ಶನಿವಾರ ಐಸೆಲಿನ್‌ಗೆ ಹೋಗಿ, ಅಲ್ಲಿನ ಭಾರತೀಯ ದಿನಸಿ ಅಂಗಡಿಯಲ್ಲಿ ಸಿಗುವ ಇಂಗ್ಲೆಂಡಿನ ಬಿಸ್ಕತ್ತು ಕೊಂಡು, ಹತ್ತಿರದ ಮೆಟುಚೆನ್ ಊರಿನ ಅವರ ಮನೆಗೆ ಹೋದೆ. ಬಾಗಿಲು ತೆರೆದ ಹೆಂಡತಿಗೆ ಯಾರೆಂದು ಹೇಳಿದೆ.

"ಆ ಪತ್ರ ಬರೆದವರು" ಎಂದರು ಅವರು. ಒಳಗೆ ಕರೆದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಡಾಕ್ಟರ ಹತ್ತಿರ ಹೋದಾಗ, ಇದೆಲ್ಲ ಯಾವಾಗ ಶುರುವಾಯಿತು, ಹೇಗೆ ಹೆಚ್ಚಾಯಿತು ಎಂದು ಕೇಳಿದರು. ನನಗೆ ಒಂದೂ ಹೇಳಲು ಬರಲಿಲ್ಲ. ಕ್ಲಬ್ಬಿನವರು ನಮಗೆ ಕಳಿಸಿದ್ದ ನಿಮ್ಮ ಪಟ್ಟಿಯನ್ನೇ ಕೊಟ್ಟೆ. ಇಷ್ಟು ಚೆನ್ನಾಗಿ ಯಾರು ಬರೆದಿಟ್ಟರು ಎಂದು ಡಾಕ್ಟರು ಮೆಚ್ಚಿಕೊಂಡರು." ಅಷ್ಟು ವರ್ಷ ಚೆಂಡಿಗೆ ತಲೆ ಕೊಟ್ಟದ್ದೇ ಕಾರಣವಿರಬಹುದು, ಖಚಿತವಾಗಿ ಈಗ ಹೇಳಲಾಗದು ಎಂದೂ ಡಾಕ್ಟರು ಹೇಳಿದ್ದರಂತೆ. ಆಮೇಲೆ ಹೆಂಡತಿ ದನಿ ತಗ್ಗಿಸಿದರು. "ಏನೇನೋ ಮರೆತರು. ಕಪ್ ಪಂದ್ಯದ ಗೋಲನ್ನೂ ಮರೆತರು. ನಿಮ್ಮ ಪತ್ರದ ಮಾತೊಂದನ್ನು ಮಾತ್ರ ಮರೆತಿಲ್ಲ."

ಕೋಚ್ ಕಿಟಕಿಯ ಹತ್ತಿರ ಕೂತಿದ್ದರು. ಅದೇ ಎತ್ತರದ ಆಳು, ಕುರ್ಚಿಯಲ್ಲಿ ಕುಗ್ಗಿದ್ದರು. ನನ್ನನ್ನು ನೋಡಿ ನಕ್ಕರು. "ಬಾ ಲವ್, ಕೂತ್ಕೋ. ನಿನಗೂ ತಂಡದಲ್ಲಿ ಮಗಳಿದ್ದಾಳಾ?"

ಇದ್ದಳು ಎಂದೆ.

ಅವರು ಮುಂದೆ ಬಾಗಿದರು. "ಹಾಗಾದರೆ ನಿನಗೆ ಗೊತ್ತಿರುತ್ತದೆ. ಆ ಇಬ್ಬರು ಹುಡುಗಿಯರನ್ನು ನಾನು ಕೀಳಾಗಿ ಕಂಡೆ ಅಂತ ಯಾರೋ ಬರೆದಿದ್ದಾರೆ. ನಾನು ಹಾಗೆ ಮಾಡಿದೆನಾ?"

"ಇಲ್ಲ. ಅದನ್ನು ಬರೆದವಳು ನಾನು. ನಾನು ಬರೆದದ್ದು ತಪ್ಪು. ನನ್ನನ್ನು ಕ್ಷಮಿಸಿ" ಎಂದೆ.

ಅವರ ಮುಖ ಬಾಡಿತು. "ಯಾಕೆ?" ಎಂದು ಮಾತ್ರ ಕೇಳಿದರು. ಆರು ವರ್ಷದ ಆಫೀಸಿನ ಕಥೆಯನ್ನು ಆ ಮುಖಕ್ಕೆ ಹೇಗೆ ಹೇಳುವುದು? ಅಷ್ಟರಲ್ಲಿ ಹೆಂಡತಿ ಚಹಾ ತಂದರು. ಕೋಚ್ ಬಿಸ್ಕತ್ತು ಅದ್ದಿಕೊಂಡು ತಿಂದರು, ಕೈ ಒರೆಸಿಕೊಂಡರು, ನನ್ನನ್ನು ನೋಡಿ ನಕ್ಕರು. "ನಿನಗೂ ತಂಡದಲ್ಲಿ ಮಗಳಿದ್ದಾಳಾ? ಆ ಇಬ್ಬರು ಹುಡುಗಿಯರನ್ನು ನಾನು ಕೀಳಾಗಿ ಕಂಡೆನಾ?"

ಮತ್ತೆ ಒಪ್ಪಿಕೊಂಡರೆ ನನ್ನ ಮನಸ್ಸಿನ ಭಾರ ಇಳಿಯಬಹುದು, ಆದರೆ ಅವರಿಗೆ ಅದೇ ಗಾಯ ಹೊಸದಾಗಿ ಆಗುತ್ತದೆ. "ಇಲ್ಲ, ಒಂದು ದಿನವೂ ಇಲ್ಲ. ಅವರಿಗೆ ನೀವೆಂದರೆ ಪ್ರಾಣ" ಎಂದೆ. "ಸದ್ಯ" ಎಂದು ಕುರ್ಚಿಗೆ ಒರಗಿದರು.

ಅಂದಿನಿಂದ ಪ್ರತಿ ಶನಿವಾರ ಹೋಗುತ್ತಿದ್ದೆ. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದು ಭೇಟಿಯಲ್ಲಿ ನಾಲ್ಕು ಸಲ, ಐದು ಸಲ. ಬೇಸರವೆನ್ನಿಸಲಿಲ್ಲ. ನನ್ನಿಂದ ಅವರಿಗೆ ಆಗಬಹುದಾದ ಉಪಕಾರ ಅದೊಂದೇ ಇತ್ತು.

ಕಳೆದ ಶನಿವಾರ ಅವರು ಕೇಳಲಿಲ್ಲ. ಚಹಾ ಮುಗಿಯಿತು, ಕಿಟಕಿಯಾಚೆ ರೈಲು ಹೋಯಿತು. ಕಾದು ಕಾದು ಸಾಕಾಗಿ ಅವರ ಕೈ ಹಿಡಿದು ನಾನೇ ಹೇಳಿದೆ, "ಆ ಹುಡುಗಿಯರನ್ನು ನೀವು ಯಾವತ್ತೂ ನೋಯಿಸಲಿಲ್ಲ."

"ಯಾವ ಹುಡುಗಿಯರು?" ಎಂದರು.