ಮೂರನೇ ಬೇಸಿನಲ್ಲಿ ನಿಂತವಳು

ಬೆಳಿಗ್ಗೆ ಐದೂವರೆಗೆ ನಾನು ಮೈದಾನದಲ್ಲಿರುತ್ತಿದ್ದೆ. ಐದೂ ಮುಕ್ಕಾಲಿಗೆ ಸುಣ್ಣದ ಗೆರೆ ಮುಗಿಯಬೇಕು, ಆರಕ್ಕೆ ಸರಿಯಾಗಿ ಸೀಟಿ. ದೈಹಿಕ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೂ ಈ ವೇಳಾಪಟ್ಟಿ ನನ್ನನ್ನು ಬಿಡಲಿಲ್ಲ. ನಮ್ಮ ಮನೆಯವರು ಹಾಸಿಗೆಯಿಂದಲೇ, "ಸೀಟಿ ಇವತ್ತರೆ ಮನ್ಯಾಗ ಇಟ್ಟ ಹೋಗು. ಕನಸಿನ್ಯಾಗೂ ಕೇಳಸ್ತೈತಿ ನನಗ," ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಸೀಟಿ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದೆ.

ಧಾರವಾಡದ ಒಂದು ಕಾಲೇಜಿನವರು ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿಕೊಡಿ ಎಂದು ಕೇಳಿದ್ದರು. ಈ ಆಟ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ಅದರ ಲಾಭ. ಕ್ರಿಕೆಟ್ಟಿನಲ್ಲಿ ನೂರಾರು ಹುಡುಗಿಯರನ್ನು ದಾಟಿ ಮುಂದೆ ಹೋಗಬೇಕು. ಇಲ್ಲಿ ತಂಡಗಳೇ ಬೆರಳೆಣಿಕೆಯಷ್ಟು. ರಾಜ್ಯ ತಂಡಕ್ಕೆ ಆಡಿದ ಪ್ರಮಾಣಪತ್ರವಿದ್ದರೆ ದೈಹಿಕ ಶಿಕ್ಷಣದ ಕೋರ್ಸಿಗೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುವ ಆಸೆ ಇಟ್ಟುಕೊಳ್ಳಬಹುದು. ಹತ್ತಿರದ ಹಳ್ಳಿ ಮುಗದದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬಳು ಹುಡುಗಿ ಆ ಸೀಟಿಗಾಗಿಯೇ ಬರುತ್ತಿದ್ದಳು. ಅಂಕಗಳ ಮೇಲೆ ಸಿಗುವಷ್ಟು ಅಂಕ ಆಕೆಗೆ ಇರಲಿಲ್ಲ. ಪದವಿಯ ಕಡೆಯ ವರ್ಷ ಬೇರೆ. "ನಿಮ್ಮಂಗ ಸಾಲ್ಯಾಗ ಆಟಾ ಕಲಸಬೇಕ್ರಿ ಮೇಡಂ," ಎಂದು ಮೊದಲ ದಿನವೇ ಹೇಳಿದ್ದಳು. ಭತ್ತದ ಗದ್ದೆಯಲ್ಲಿ ಗಿಳಿ ಓಡಿಸಲು ಕಲ್ಲು ಬೀಸಿ ಬೆಳೆದ ಕೈ. ಆ ತೋಳನ್ನು ನೋಡಿಯೇ ನಾನು ಅವಳನ್ನು ಮೂರನೇ ಬೇಸಿಗೆ ನಿಲ್ಲಿಸಿದೆ.

ಹೊಡೆದವಳು ಒಂದೊಂದಾಗಿ ಓಡಿ ಮುಟ್ಟಬೇಕಾದ ಮೂಲೆಗಳಿಗೆ ಬೇಸ್ ಎನ್ನುತ್ತಾರೆ. ಬ್ಯಾಟ್ ಹಿಡಿದವಳಿಂದ ತೊಂಬತ್ತು ಅಡಿ ದೂರ, ಎಡಗಡೆಯ ಮೂಲೆ, ಅದು ಮೂರನೇ ಬೇಸ್. ಬಲಗೈ ಆಟಗಾರ್ತಿ ಜೋರಾಗಿ ಎಳೆದು ಹೊಡೆದ ಚೆಂಡು ನೇರ ಅಲ್ಲಿಗೇ ಬರುತ್ತದೆ. ಯೋಚನೆ ಮಾಡಲು ಸಮಯವಿಲ್ಲ. ಎದೆಗೆ ಬಡಿದರೂ ಸರಿ, ಹಿಂದೆ ಬಿಡಬಾರದು. ಹಿಡಿದ ಮೇಲೆ, ಹೊಡೆದವಳು ಓಡಿ ಮೊದಲ ಬೇಸ್ ಮುಟ್ಟುವ ಮುಂಚೆ, ಇಡೀ ಮೈದಾನದ ಅಡ್ಡಕ್ಕೆ, ಅಲ್ಲಿ ನಿಂತವಳ ಎದೆಮಟ್ಟಕ್ಕೆ ಎಸೆಯಬೇಕು. ಇದೆಲ್ಲ ಆಕೆಗೆ ಒಂದು ತಿಂಗಳಲ್ಲಿ ಬಂತು. ಮೊಣಕೈ ತರಚಿ ರಕ್ತ ಬಂದರೆ ನೀರು ಸುರಿದುಕೊಂಡು ಮತ್ತೆ ನಿಲ್ಲುತ್ತಿದ್ದಳು.

ಉಳಿದದ್ದು ಬಂಟ್. ಬ್ಯಾಟನ್ನು ಬೀಸದೆ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಮುಂದಕ್ಕೆ ಉರುಳಿಸಿ ಓಡುವ ಉಪಾಯ ಅದು. ಆಗ ಮೂರನೇ ಬೇಸಿನವಳು ಜಾಗ ಬಿಟ್ಟು ಮುಂದೆ ನುಗ್ಗಬೇಕು. ಚೆಂಡು ಬಿದ್ದ ಮೇಲೆ ಹೊರಟರೆ ಮುಗಿಯಿತು. ಎದುರಿನವಳ ಮೇಲಿನ ಕೈ ಬ್ಯಾಟಿನ ಮೇಲೆ ಜಾರುವುದನ್ನು ಕಂಡ ಕ್ಷಣಕ್ಕೇ ಹೆಜ್ಜೆ ಕೀಳಬೇಕು. ತಪ್ಪಿ ಅವಳು ಜೋರಾಗಿ ಹೊಡೆದರೆ ಚೆಂಡು ಮುಖಕ್ಕೇ ಬರುತ್ತದೆ. ಅಷ್ಟು ಗೊತ್ತಿದ್ದೂ ನುಗ್ಗಬೇಕು. ಯಾರಿಂದಲೂ ಹೇಳಿಕೊಡಲಾಗದ ಕೆಲಸ ಅದು.

ನಾನು ಹೇಳಿಕೊಟ್ಟೆ.

ಆಕೆಯ ಹಿಂದೆ, ಗೆರೆಯ ಆಚೆ ನಿಂತು, ಬ್ಯಾಟಿನ ಮೇಲೆ ಕೈ ಜಾರಿದೊಡನೆ "ಮುಂದ!" ಎಂದು ಕೂಗುತ್ತಿದ್ದೆ. ಆಕೆ ಬಾಣದ ಹಾಗೆ ಹೋಗುತ್ತಿದ್ದಳು. ನೂರು ಸಲ ಕೂಗಿದರೆ ನೂರು ಸಲ. ನೋಡುವುದಕ್ಕೆ ಅಷ್ಟು ಚೊಕ್ಕಟ.

ಒಂದು ದಿನ ನಾನು ಕೂಗುವ ಮೊದಲೇ ಆಕೆ ನುಗ್ಗಿದಳು. ಎದುರಿನವಳು ಮೋಸ ಮಾಡಿ ಕೈ ಹಿಂದೆ ಎಳೆದು ಹೊಡೆದಳು. ಚೆಂಡು ಇವಳು ಬಿಟ್ಟ ಜಾಗದಿಂದಲೇ ಹಾದುಹೋಯಿತು. ನಾನು ಸೀಟಿ ಊದಿ ಆಟ ನಿಲ್ಲಿಸಿದೆ.

"ಯಾರ ಹೇಳಿದ್ರು ನಿನಗ?"

"ಯಾರೂ ಇಲ್ರಿ. ಕೈ ಜಾರಿದಂಗ ಕಂಡತ್ರಿ."

"ಕಂಡತ್ರಿ ಅಂತ! ನಾ ಏನ್ ಇಲ್ಲೆ ದನಾ ಕಾಯಾಕ ನಿಂತೇನೇನು? ನಾ ಹೇಳೂ ಮಟಾ ಜಾಗಾ ಬಿಡಬಾರದು. ತಿಳೀತೇನು?"

"ತಿಳೀತ್ರಿ ಮೇಡಂ."

ಮೊದಲ ಬೇಸಿನಲ್ಲಿ ಹಳೇ ಹುಬ್ಬಳ್ಳಿಯ ಹುಡುಗಿಯೊಬ್ಬಳಿದ್ದಳು, ಬಾಯಿ ನಿಲ್ಲದವಳು. ಆಮೇಲೊಂದು ದಿನ ನನಗೆ ಕೆಮ್ಮು ಹತ್ತಿ ಕೂಗಲಾಗದೆ, ಮೂರನೇ ಬೇಸಿನವಳು ನಿಂತಲ್ಲೇ ನಿಂತಿದ್ದಾಗ ಅವಳು ಅಲ್ಲಿಂದಲೇ ಒದರಿದಳು: "ಮೇಡಂ, ನೀವು ಒದರಲಿಲ್ಲಂದ್ರ ಇಕಿ ಲೈಟಿನ ಕಂಬ ಆಗ್ತಾಳ್ರಿ! ಬಲ್ಬ ಒಂದ ಹಚ್ಚೂದ ಬಾಕಿ!"

ಎಲ್ಲರೂ ನಕ್ಕರು. ಕಂಬ ಎನಿಸಿಕೊಂಡವಳೂ ನಕ್ಕಳು. ನಾನು ಆ ಬಾಯಿಬಡುಕಿಯನ್ನು ಮೈದಾನದ ಸುತ್ತ ಎರಡು ಸುತ್ತು ಓಡಿಸಿದೆ. ಇಡೀ ತಂಡದಲ್ಲಿ ನಿಜ ಕಂಡವಳು ಅವಳೊಬ್ಬಳೇ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ರಾಜ್ಯ ತಂಡದ ಆಯ್ಕೆಯ ದಿನ ಬಂತು. ಬೇರೆ ಬೇರೆ ಊರುಗಳ ಹುಡುಗಿಯರನ್ನು ಬೆರೆಸಿ ಎರಡು ತಂಡ ಮಾಡಿದರು. ಕಲಿಸಿದವರೆಲ್ಲ ಹಗ್ಗದ ಹೊರಗೆ ಕುರ್ಚಿಯಲ್ಲಿ ಕೂಡಬೇಕು, ತುಟಿ ಬಿಚ್ಚಬಾರದು, ಕೈಸನ್ನೆಯೂ ಕೂಡದು ಎಂದು ಆಯ್ಕೆ ಮಾಡುವವರು ಮೊದಲೇ ಹೇಳಿದರು. ಶಿಸ್ತಿನ ಮಾತು. ನನಗೆ ಮೆಚ್ಚುಗೆಯಾಯಿತು.

ಮೊದಲ ಹೊಡೆತ ಸಿಡಿಲಿನಂತೆ ಮೂರನೇ ಬೇಸಿನಲ್ಲಿ ನಿಂತ ನಮ್ಮ ಹುಡುಗಿಯ ಕಾಲಬುಡಕ್ಕೆ ಬಂತು. ಬಗ್ಗಿ ಹಿಡಿದು, ಎದ್ದು ಎಸೆದಳು. ಓಡಿದವಳು ಅರ್ಧ ದಾರಿಯಲ್ಲೇ ಔಟ್. ಆಯ್ಕೆ ಮಾಡುವವರು ಒಬ್ಬರನ್ನೊಬ್ಬರು ನೋಡಿದರು. ನಾನು ನೆಟ್ಟಗೆ ಕುಳಿತೆ.

ಮುಂದಿನವಳ ಕೈ ಬ್ಯಾಟಿನ ಮೇಲೆ ಜಾರಿತು. ನನಗೆ ಕಂಡಿತು; ಇವಳಿಗೂ ಕಂಡಿರಲೇಬೇಕು. ಇವಳ ಹಿಮ್ಮಡಿ ಎದ್ದಿತು. ಎದ್ದು ಹಾಗೇ ನಿಂತಿತು. ಕತ್ತು ಒಂದಿಷ್ಟು ಹಿಂದಕ್ಕೆ, ನಾನು ಕುಳಿತ ಕಡೆ ತಿರುಗಿತು. ಚೆಂಡು ಹುಲ್ಲಿನ ಮೇಲೆ ಉರುಳಿ ನಿಂತ ಮೇಲೆ ಓಡಿದಳು. ಹೊತ್ತು ಮೀರಿತ್ತು.

ಎದುರು ತಂಡದವರು ದಡ್ಡರಲ್ಲ. ಮತ್ತೆ ಬಂಟ್. ಮತ್ತೆ ಬಂಟ್. ಮೂರು ಸಲವೂ ಅದೇ ಹಿಮ್ಮಡಿ, ಅದೇ ಕತ್ತು. ಒಂದು ಸಲ "ಮುಂದ" ಎಂದು ಕೂಗಿದ್ದರೆ ಹೋಗುತ್ತಿದ್ದಳು. ನಿಯಮ ಮುರಿಯುವವಳು ನಾನಲ್ಲ.

ಆಟ ಮುಗಿದ ಮೇಲೆ ಆಯ್ಕೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. ನೌಕರಿಯ ದಿನಗಳಿಂದ ಪರಿಚಯದವರು.

"ಅಕ್ಕಾರ, ಹುಡುಗಿ ಕೈ ಭಾಳ ಛಲೋ ಐತ್ರಿ. ಆದರ ಹೆಜ್ಜಿ ಕೀಳವಲ್ಲಳು. ಅಂಜತಾಳೋ, ಏನ್ ಕಲಿಸಿದ್ದ ಹಂಗೋ? ಕಲಿಸಿದ್ದ ತಪ್ಪಿದ್ರ ಕ್ಯಾಂಪಿನ್ಯಾಗ ಹದಿನೈದು ದಿನದಾಗ ತಿದ್ದಬಹುದು. ಅಂಜಿಕಿ ಇದ್ರ ಮೂರನೇ ಬೇಸಿಗೆ ನಡಿಯೂದಿಲ್ಲ. ಖರೇ ಹೇಳ್ರಿ."

ಅವರು ಬಾಗಿಲು ತೆರೆದು ಹಿಡಿದಿದ್ದರು. ನಾನು ಕಲಿಸಿದ್ದೇ ಹಾಗೆ ಎಂಬ ಒಂದು ಮಾತು ಸಾಕಿತ್ತು. ಸುತ್ತಲೂ ಬೇರೆ ಕಾಲೇಜುಗಳ ಶಿಕ್ಷಕರು ನಿಂತಿದ್ದರು. ಅವರಲ್ಲಿ ಇಬ್ಬರು ನನ್ನ ಕೈಯಲ್ಲೇ ಕಲಿತವರು. ನಾನು ಹೇಳಿದೆ: "ಹೇಳಿ ಹೇಳಿ ಸಾಕಾಗೈತ್ರಿ ನನಗ."

ಅವರು ತಲೆಯಾಡಿಸಿ ಕೈಯಲ್ಲಿದ್ದ ಹಾಳೆಯಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದರು.

ಹುಡುಗಿ ನಾಲ್ಕು ಹೆಜ್ಜೆ ಆಚೆ ಬೂಟಿನ ಲಾಡಿ ಬಿಚ್ಚುತ್ತಿದ್ದಳು. ಕೇಳಿಸಿಕೊಂಡಳು. ಅವರು ಹೋದ ಮೇಲೆ ಎದ್ದು ಬಂದು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು: "ಇವತ್ತ ನೀವು ಹೇಳಲಿಲ್ಲಲ್ರಿ ಮೇಡಂ?"

"ಬಸ್ಸಿಗೆ ಹೊತ್ತಾತು, ನಡಿ," ಎಂದೆ.

ಜೂನ್ ಕಳೆಯಿತು. ಕೋರ್ಸಿನ ಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ಒಂದು ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಚೆಂಡು ಹಿಡಿಯಲು ಕೈಗೆ ತೊಡುವ ಚರ್ಮದ ಗ್ಲೋವ್ ಹಿಂದಿರುಗಿಸಲು ಬಂದಳು. ಎಣ್ಣೆ ಹಚ್ಚಿ, ಆಕಾರ ಕೆಡದಂತೆ ಒಳಗೊಂದು ಹಳೆಯ ಚೆಂಡು ಇಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದಳು. ನಾನು ಕಲಿಸಿದ ಹಾಗೆಯೇ. ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ದಲಾಲರೊಬ್ಬರ ಅಂಗಡಿಗೆ ತೂಕದ ಚೀಟಿ ಬರೆಯಲು ಹೋಗುತ್ತಿರುವುದಾಗಿ ಹೇಳಿದಳು. ಅಲ್ಲಿ ಎಲ್ಲರೂ ಹೇಳಿದಷ್ಟೇ ಮಾಡುವುದರಿಂದ ತೊಂದರೆ ಇಲ್ಲವಂತೆ. ಅದನ್ನು ಚುಚ್ಚುಮಾತಾಗಿ ಅಂದಳೋ ಇಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ.

ಗ್ಲೋವಿನ ದಾರಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎಲ್ಲ ಬಿಗಿಯಾಗಿದ್ದವು. ಹೇಳಬೇಕಾದ ಮಾತು ಬಾಯಿತುದಿಗೆ ಬಂದಿತ್ತು. ಆಕೆಯ ಹಿಂದೆ ಹೊಸ ಹುಡುಗಿಯರು ಸಾಲಾಗಿ ನಿಂತು ಸೀಟಿಗೆ ಕಾಯುತ್ತಿದ್ದರು.

ಆಕೆಯೂ ನಿಂತೇ ಇದ್ದಳು, ಕೈ ಕಟ್ಟಿಕೊಂಡು, ನನ್ನ ಮುಖ ನೋಡುತ್ತ.

"ಮತ್ತೇನರೆ ಐತೇನ್ರಿ ಮೇಡಂ?"

"ಏನಿಲ್ಲ. ಹೋಗು," ಎಂದೆ.

ಹೋಗು ಎಂದ ಮೇಲೆಯೇ ಹೋದಳು. ಆರು ಗಂಟೆಯಾಗಿತ್ತು, ನಾನು ಸೀಟಿ ಊದಿದೆ.