ಸೇತುವೆಯ ಬಾಯಲ್ಲಿ ನಿಂತ ಹಳದಿ ಕಾರು

ಬಸುರಿ ತಂಗಿಯನ್ನು ತವರಿಗೆ ಕರೆತರಬೇಕಾದವನು ನಾನು. ಕರೆತರಲಿಲ್ಲ. ಅವಳು ಬಾ ಅಂದದ್ದು ನನಗೆ ಗೊತ್ತೇ ಆಗಲಿಲ್ಲ ಎಂದು ಕೆಲವರ ಮುಂದೆ ಹೇಳಿದ್ದೇನೆ. ಅದು ಸುಳ್ಳು. ಗೊತ್ತಾಗಿತ್ತು. ಅವಳು ಬಾಯಿಂದ ಕರೆದಿರಲಿಲ್ಲ, ಆಟದೊಳಗಿನ ಒಂದು ಕಾರಿನಿಂದ ಕರೆದಿದ್ದಳು. ಆದ್ದರಿಂದ ಇದನ್ನು ನನ್ನ ಕೆಲಸದಿಂದಲೇ ಶುರು ಮಾಡಬೇಕು.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮಹಡಿ ಮೇಲೆ ಒಂದು ಗೇಮ್ ಅಂಗಡಿ ಇದೆ. ಟಿವಿಗಳಿಗೆ ಆಟದ ಡಬ್ಬಿ ಜೋಡಿಸಿ ಗಂಟೆ ಲೆಕ್ಕದಲ್ಲಿ ಆಡಲು ಕೊಡುತ್ತೇವೆ. ಮಾಲೀಕರು ಬೇರೆ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಗುಂಡಿ ಸಿಕ್ಕಿಕೊಂಡ ರಿಮೋಟು ಬಿಚ್ಚಿ ಸರಿ ಮಾಡುವುದು ನನ್ನ ಕೆಲಸ. ಎಂಟನೇ ತರಗತಿ ಅರ್ಧಕ್ಕೆ ಬಿಟ್ಟವನು ನಾನು. ಪರದೆ ಮೇಲಿನ ಇಂಗ್ಲಿಷನ್ನು ಓದುವುದಕ್ಕಿಂತ ಗುರುತು ಹಿಡಿಯುತ್ತೇನೆ. ಯಾವ ಮಾತು ಎಷ್ಟನೇ ಸಾಲಿನಲ್ಲಿದೆ, ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದು ಬೆರಳಿಗೆ ಗೊತ್ತು. ಅಷ್ಟಕ್ಕೇ ಜನ ನನ್ನನ್ನು ತಿಳಿದವನು ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಡಬ್ಬಿ ಕೊಳ್ಳುವವರು ಮೊದಲು ನನ್ನ ಹತ್ತಿರ ಬರುತ್ತಿದ್ದರು. ಯಾವುದರ ಆನ್‌ಲೈನ್ ಚೆನ್ನಾಗಿದೆ ಎಂದು ಕೇಳುತ್ತಿದ್ದರು. ಕಂಪನಿ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಕರಿ ಡಬ್ಬಿ, ಬಿಳಿ ಡಬ್ಬಿ, ಅಷ್ಟೇ. ಕರಿಯದು ಮಾತುಗಾರರಿಗೆ ಎನ್ನುತ್ತಿದ್ದೆ. ಗೆಳೆಯರು ಸೇರಿ ಮಾತಿನ ಕೋಣೆ ಮಾಡಿಕೊಂಡರೆ ಒಬ್ಬ ಕಾರು ಓಡಿಸುತ್ತಿರಲಿ, ಇನ್ನೊಬ್ಬ ಚೆಂಡಾಡುತ್ತಿರಲಿ, ಹರಟೆ ನಿಲ್ಲುವುದಿಲ್ಲ. ನಮ್ಮ ಪರದೆಯನ್ನು ದೂರದ ಗೆಳೆಯನಿಗೆ ತೋರಿಸಿ, ಸೋಲುವ ಹೊತ್ತಿಗೆ ಆಟವನ್ನು ಅವನ ಕೈಗೆ ಕೊಡಲೂಬಹುದು. ಬಿಳಿಯದು ಖಾನಾವಳಿ ಇದ್ದಂತೆ. ತಿಂಗಳಿಗೊಮ್ಮೆ ಕಟ್ಟಿದರೆ ಎಷ್ಟು ಬೇಕಾದರೂ ಆಟ ಬಡಿಸುತ್ತದೆ. ಒಂದೇ ಕಡೆ ಕೆಲಸ ಮಾಡುವವರು ಕ್ಲಬ್ಬು ಕಟ್ಟಿಕೊಳ್ಳಬಹುದು, ಯಾರೂ ಇಲ್ಲದವನು ಜೊತೆಗಾರರು ಬೇಕು ಎಂದು ಬೋರ್ಡು ಹಾಕಬಹುದು. ಕೈಯಲ್ಲಿ ಹಿಡಿದು ಆಡುವ ಚಿಕ್ಕದೊಂದು ಬೇರೆ ಇದೆ. ಅದರಲ್ಲಿ ಗೆಳೆಯರಾಗಲು ಉದ್ದನೆಯ ನಂಬರು ಒಪ್ಪಿಸಬೇಕು, ಗುರುತಿಲ್ಲದವರು ಸುಲಭಕ್ಕೆ ಹತ್ತಿರ ಬರಲಾರರು. ಮಕ್ಕಳಿರುವ ಮನೆಗೆ ಅದೇ ಇರಲಿ ಎಂದು ತಾಯಂದಿರಿಗೆ ಹೇಳುತ್ತಿದ್ದೆ.

ಒಂದನ್ನು ಮಾತ್ರ ಯಾರಿಗೂ ಒತ್ತಿ ಹೇಳುತ್ತಿರಲಿಲ್ಲ. ಕರಿಯವರ ಮಾತಿನ ಕೋಣೆಗೆ ಬಿಳಿಯವರು ಬರುವಂತಿಲ್ಲ, ಬಿಳಿಯವರದಕ್ಕೆ ಕರಿಯವರು ಹೋಗುವಂತಿಲ್ಲ. ಗೆಳೆಯರ ಪಟ್ಟಿ ಬೇರೆ, ಸಂದೇಶ ಬೇರೆ. ಎದುರುಬದುರು ಮನೆ, ನಡುವೆ ಗೋಡೆ.

ತಂಗಿಯ ಮದುವೆ ನಿಶ್ಚಯವಾದಾಗ ಅವಳ ಗಂಡನಾಗುವವನೂ ಅಂಗಡಿಗೆ ಬಂದು ಇದನ್ನೇ ಕೇಳಿದ. ಸಂಡೂರು ಕಡೆಯ ವಡ್ಡು ಎಂಬ ಊರಿನವನು, ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾನು ದೊಡ್ಡ ಮನುಷ್ಯನಂತೆ ಕಾಲ ಮೇಲೆ ಕಾಲು ಹಾಕಿ ಎರಡನ್ನೂ ತೂಗಿ ನೋಡಿ, ನಿಮ್ಮ ಶಿಫ್ಟಿನವರೆಲ್ಲ ಬಿಳಿಯಲ್ಲಿದ್ದಾರಲ್ಲ, ಬಿಳಿಯದೇ ತಗೊಳ್ಳಿ ಎಂದೆ. ತಂಗಿ ಅಂದು ಅಲ್ಲೇ ಇದ್ದಳು. ನಮ್ಮ ಅಂಗಡಿಯಲ್ಲಿ ಕಾರಿನ ಆಟದಲ್ಲಿ ಅವಳನ್ನು ಸೋಲಿಸುವವರು ಇರಲಿಲ್ಲ, ನಾನೂ ಸೇರಿ. ಅವಳು ಕರಿ ಡಬ್ಬಿಯ ಕಡೆ ಒಮ್ಮೆ ನೋಡಿದಳು. ಹೋಗುವಾಗ, ನನ್ನ ಯಾವ ಕಡೆ ಕೊಟ್ರಿ ಅಂತ ಈಗ ಗೊತ್ತಾತು ಬಿಡು ಎಂದು ನಕ್ಕಳು. ಆ ಮಾತು ನನ್ನ ತಲೆಗೆ ಹೋಗಲಿಲ್ಲ.

ಮದುವೆಯಾಗಿ ಹೋದ ಮೇಲೆ ಗೋಡೆ ಕಂಡಿತು. ಅವಳು ಬಿಳಿಯ ಕಡೆ, ನಾನು ಕರಿಯ ಕಡೆ. ಆದರೆ ಎರಡು ಕಡೆಯವರೂ ಸೇರುವಂಥ ಒಂದು ಕಾರಿನ ಆಟವಿತ್ತು. ಡಬ್ಬಿ ಯಾವುದೇ ಇರಲಿ, ಆ ಆಟಕ್ಕೆ ಅದರದೇ ಖಾತೆ ಮಾಡಿಕೊಂಡರೆ ಅದರದೇ ಗೆಳೆಯರ ಪಟ್ಟಿಯಲ್ಲಿ ಹೆಸರು ಬರುತ್ತದೆ. ಯಾರು ಆಡುತ್ತಿದ್ದಾರೋ ಅವರ ಹೆಸರಿನ ಮುಂದೆ ಹಸಿರು ಚುಕ್ಕಿ, ಇಲ್ಲದವರ ಮುಂದೆ ಬೂದು. ಮಾತಿಲ್ಲ, ಹಾರ್ನು ಮತ್ತು ದೀಪ ಅಷ್ಟೇ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ನಾನು, ಅತ್ತೆ ಹೊಲಕ್ಕೆ ಹೋದಾಗ ಅವಳು, ಆ ಆಟದ ಊರಿನಲ್ಲಿ ಸುತ್ತುತ್ತಿದ್ದೆವು. ಅವಳದು ಹಳದಿ ಕಾರು. ದೀಪ ಎರಡು ಸಲ ಹೊಡೆದರೆ ಊಟ ಆಯ್ತಾ ಎಂದು. ಹಾರ್ನು ಉದ್ದಕ್ಕೆ ಬಾರಿಸಿದರೆ ಅತ್ತೆ ಬಂದಳು ಎಂದು.

ಆ ಊರಿನಲ್ಲಿ ಒಂದು ಸೇತುವೆ. ನಾವು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಶಾಲೆ ಬಿಟ್ಟ ಮೇಲೆ ಹೊಳೆಯ ಸೇತುವೆಯ ಬಾಯಲ್ಲಿ ಮೊದಲು ಬಂದವರು ನಿಂತು ಕಾಯಬೇಕು, ಇನ್ನೊಬ್ಬರು ಬಂದು ಕರೆದುಕೊಂಡೇ ಮನೆಗೆ ಹೋಗಬೇಕು ಎಂದು ಅವ್ವ ಕಟ್ಟು ಮಾಡಿದ್ದಳು. ಡ್ಯಾಮಿನಿಂದ ನೀರು ಬಿಟ್ಟಾಗ ಸೇತುವೆ ಮುಳುಗುತ್ತದೆ, ಮಕ್ಕಳು ಒಬ್ಬೊಬ್ಬರೇ ನೀರು ನೋಡಲು ಹೋದಾರೆಂದು ಅವಳಿಗೆ ಭಯ. ತಂಗಿ ಯಾವಾಗಲೂ ನನಗಿಂತ ಮೊದಲೇ ಬಂದು ನಿಂತಿರುತ್ತಿದ್ದಳು. ಒಬ್ಬಳೇ ಹೋದವಳಲ್ಲ. ಆಟದ ಸೇತುವೆಯ ಬಾಯಲ್ಲಿ ಅವಳು ಕಾರು ನಿಲ್ಲಿಸಿ ದೀಪ ಆರಿಸಿದರೆ ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತು: ನಿಂತೀನಿ, ಬಂದು ಕರ್ಕಂಡು ಹೋಗು.

ಏಳನೇ ತಿಂಗಳಿಗೆ ಗಂಡನ ಮನೆಯಲ್ಲಿ ಅವಳಿಗೆ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಬಳೆ, ಸೀರೆ, ಕುಬಸದ ಖಣ ತಗೊಂಡು ನಾನೊಬ್ಬನೇ ಹೋದೆ. ಅಪ್ಪ ಮೊದಲೇ ಇಲ್ಲ, ಅವ್ವ ಹೋದ ವರ್ಷ ತೀರಿಕೊಂಡಳು. ಕಂಪ್ಲಿಯ ಮನೆ ಬಿಟ್ಟಾಗಿತ್ತು. ತವರು ಎಂದರೆ ಈಗ ಕಡ್ಡಿರಾಂಪುರದಲ್ಲಿ ಒಂದು ಹೋಟೆಲಿನ ಹಿಂದಿರುವ ನನ್ನ ಬಾಡಿಗೆ ಕೋಣೆ, ಅದರಲ್ಲಿ ಮದುವೆಯಾಗದ ನಾನು. ಆರತಿ ಮುಗಿದ ಮೇಲೆ ಹಿರಿಯರು ಯಾವಾಗ ಕರ್ಕಂಡು ಹೋಗ್ತೀರಿ ಎಂದು ಕೇಳಿದರು. ಮುಂದಿನ ವಾರ ಎಂದೆ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಮುಂದಿನ ವಾರ ಬಂತು. ನಾನು ಹೋಗಲಿಲ್ಲ. ಬಾಣಂತನ ಯಾರು ಮಾಡಬೇಕು, ಬಿಸಿನೀರು ಯಾರು ಕಾಯಿಸಬೇಕು, ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ನಾನೇನು ಮಾಡಲಿ ಎಂದು ಯೋಚಿಸುತ್ತಾ ಅಂಗಡಿಯಲ್ಲೇ ಉಳಿದೆ. ಬುಕ್ಕಸಾಗರದಲ್ಲಿ ದೊಡ್ಡವ್ವ ಇದ್ದಳು. ಒಂದು ಮಾತು ಕೇಳಬಹುದಿತ್ತು. ಒಲ್ಲೆ ಅಂದರೆ ಏನು ಮಾಡಲಿ ಎಂದು ಕೇಳಲಿಲ್ಲ. ತಂಗಿ ಫೋನು ಮಾಡಿದರೆ ಪಕ್ಕದಲ್ಲಿ ಅತ್ತೆ ಇರುತ್ತಿದ್ದಳು. ಆರಾಮ ಅದೀಯಾ, ಊಟ ಆತಾ, ಇಷ್ಟೇ ಮಾತು. ಬಂದು ಕರ್ಕಂಡು ಹೋಗು ಎಂದು ಅವಳು ಹೇಳುವಂತಿರಲಿಲ್ಲ. ತವರಿನವರು ತಾವಾಗಿ ಬರಬೇಕು. ಕೇಳಿ ಕರೆಸಿಕೊಂಡಳು ಎಂದಾದರೆ ಗಂಡನ ಮನೆಯಲ್ಲಿ ಅವಳ ತಲೆ ತಗ್ಗುತ್ತದೆ, ನನ್ನದೂ.

ಅದಕ್ಕೇ ಅವಳು ಸೇತುವೆಗೆ ಬಂದಳು. ಒಂದು ಮಧ್ಯಾಹ್ನ ಆಟ ತೆರೆದರೆ ಹಳದಿ ಕಾರು ಸೇತುವೆಯ ಬಾಯಲ್ಲಿ, ದೀಪ ಆರಿಸಿ ನಿಂತಿದೆ. ನಾನು ಪಕ್ಕಕ್ಕೆ ಹೋಗಿ ಹಾರ್ನು ಬಾರಿಸಿ, ರೇಸಿಗೆ ಕರೆಯುವಂತೆ ಮುಂದೆ ಓಡಿಸಿದೆ. ಅವಳು ಹಿಂದೆ ಬರಲಿಲ್ಲ. ಮರುದಿನವೂ ಅಲ್ಲೇ. ಅದರ ಮರುದಿನ ನಾನು ಆಟ ತೆರೆಯುವ ಮುಂಚೆ ಕರಿ ಡಬ್ಬಿಯಲ್ಲಿ ನನ್ನ ಹೆಸರು ಒತ್ತಿ, ಕೆಳಗೆ ಬರುವ ಸಾಲುಗಳಲ್ಲಿ ಆಫ್‌ಲೈನ್ ಆಗಿ ಕಾಣುವ ಸಾಲನ್ನು ಆರಿಸಿದೆ. ಗಿರಾಕಿಗಳು ಆಟಕ್ಕೆ ಕರೆದು ಕಾಟ ಕೊಡುವಾಗ ತಂಗಿಯ ಎದುರೇ ಎಷ್ಟೋ ಸಲ ಒತ್ತಿದ ಸಾಲು ಅದು. ನಾವು ಆಡುತ್ತಲೇ ಇರುತ್ತೇವೆ, ಗೆಳೆಯರಿಗೆ ಇಲ್ಲದವರಂತೆ ಕಾಣುತ್ತೇವೆ. ಆಮೇಲೆ ಆಟದ ಊರಿನ ಇನ್ನೊಂದು ತುದಿಯಲ್ಲಿ ಕಾರು ಓಡಿಸುತ್ತಾ ಕುಳಿತೆ. ಅವಳ ಹಸಿರು ಚುಕ್ಕಿ ಪಟ್ಟಿಯಲ್ಲಿ ಉರಿಯುತ್ತಿತ್ತು, ಆಟದ ನಕ್ಷೆಯಲ್ಲಿ ಅವಳ ಕಾರು ಸೇತುವೆಯ ಬಾಯಲ್ಲೇ ನಿಂತಿತ್ತು. ನನ್ನದು ಅವಳಿಗೆ ಬೂದಾಗಿ ಕಾಣುತ್ತಿದೆ, ಅಣ್ಣನಿಗೆ ಪುರುಸೊತ್ತಿಲ್ಲ ಅಂದುಕೊಳ್ಳುತ್ತಾಳೆ ಎಂದುಕೊಂಡೆ. ಆಟ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅವಳು ಅಲ್ಲಿದ್ದಾಳೆ ಎಂದು ನೋಡಿಕೊಳ್ಳದಿದ್ದರೆ ಜೀವಕ್ಕೆ ಸಮಾಧಾನ ಇರುತ್ತಿರಲಿಲ್ಲ. ಹೀಗೇ ದಿನ ತಳ್ಳಿದೆ.

ಒಂದು ದಿನ ಅವಳ ಚುಕ್ಕಿ ಬೂದಾಯಿತು. ಮರುದಿನವೂ ಬೂದು. ಮುನಿಸಿಕೊಂಡು ತಾನೂ ಅಡಗಿದ್ದಾಳೆ, ಬಿಳಿ ಡಬ್ಬಿಯಲ್ಲೂ ಅಂಥದೇ ಒಂದು ಸಾಲಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗಿರಾಕಿಗೆ ಚಿಲ್ಲರೆ ತಪ್ಪು ಕೊಟ್ಟೆ, ಒಂದೇ ರಿಮೋಟು ಎರಡು ಸಲ ಬಿಚ್ಚಿದೆ. ಇಷ್ಟೆಲ್ಲ ಸೇವೆಗಳನ್ನು ಹೋಲಿಸಿ ಹೇಳುವ ನನಗೆ ಅಂದು ಒಂದು ಗೊತ್ತಾಯಿತು. ಕರಿಯದಿರಲಿ ಬಿಳಿಯದಿರಲಿ, ಮುನಿಸಿಕೊಂಡವರಿಗೂ ಕಷ್ಟದಲ್ಲಿರುವವರಿಗೂ ಅವು ತೋರಿಸುವುದು ಒಂದೇ ಬೂದು ಚುಕ್ಕಿ. ಫೋನು ಮಾಡಿದರೆ ರಿಂಗಾಗಿ ನಿಂತಿತು. ಅವಳ ಗಂಡನದು ಸ್ವಿಚ್ ಆಫ್. ಅಂಗಡಿಯ ಕೀಲಿಯನ್ನು ಕೆಳಗಿನ ಚಹಾದವನ ಕೈಗೆ ಕೊಟ್ಟು ಸಂಡೂರಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕುಳಿತು ದೊಡ್ಡವ್ವನಿಗೆ ಫೋನು ಮಾಡಿದೆ. ಬಾಣಂತನ ಎಂಬ ಮಾತು ಇನ್ನೂ ಬಾಯಿಂದ ಪೂರ್ತಿ ಬಂದಿರಲಿಲ್ಲ. ಬರ್ತೀನಿ, ಇದನ್ನ ಕೇಳಾಕ ಇಷ್ಟು ದಿನ ಬೇಕಾತೇನು ನಿನಗ ಎಂದಳು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕಿಟಕಿಯ ಕೆಂಪು ಧೂಳನ್ನು ಬೆರಳಿನಿಂದ ಒರೆಸುತ್ತಾ, ಅವಳು ಮುನಿಸಿಕೊಂಡೇ ಇರಲಿ, ಬಾಗಿಲಲ್ಲೇ ಬೈಯಲಿ ಎಂದು ಬೇಡಿಕೊಳ್ಳುತ್ತಿದ್ದೆ.

ವಡ್ಡಿನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಅಕ್ಕಿ ಆರಿಸುತ್ತಿದ್ದವಳು ಮೊರ ಇಟ್ಟು ನನ್ನನ್ನು ಮೇಲೆ ಕೆಳಗೆ ನೋಡಿದಳು.

"ತವರು ಕಡೆಯೋರಾ? ಈಗ ಬಂದ್ರ್ಯಾ?"

ನಾನು ತಲೆ ಆಡಿಸಿದೆ. ಅವಳೇ ಹೇಳಿದಳು. ಗಂಡ ಡ್ಯೂಟಿಗೆ, ಅತ್ತೆ ಹೊಲಕ್ಕೆ ಹೋದಾಗ ನೋವು ಬಂತಂತೆ. ತಂಗಿ ಗೋಡೆ ಹಿಡಿದುಕೊಂಡು ಇವಳ ಬಾಗಿಲವರೆಗೆ ನಡೆದು ಬಂದಳಂತೆ. ಇವಳೇ ಆಟೋ ಕರೆದು ಸಂಡೂರಿನ ಆಸ್ಪತ್ರೆಗೆ ಕರೆದೊಯ್ದಳಂತೆ. ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು, ಹೆಣ್ಣು ಮಗು. ಉಳಿದ ಮಾತು ಕೇಳಿಸಿಕೊಳ್ಳುವ ಮುಂಚೆ ನಾನು ರಸ್ತೆಗೆ ಬಂದಿದ್ದೆ.

ಆಸ್ಪತ್ರೆಯಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿ, ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉಸಿರು ಚೆನ್ನಾಗಿದೆ, ತೂಕ ಬರಬೇಕು, ಕಾದು ನೋಡೋಣ ಎಂದಿದ್ದರಂತೆ ಡಾಕ್ಟರು. ತಂಗಿಯ ಗಂಡ ಕಾರ್ಖಾನೆಯ ಬಟ್ಟೆಯಲ್ಲೇ ಬೆಂಚಿನ ಮೇಲೆ ಕುಳಿತಿದ್ದ. ಚಾರ್ಜು ಮುಗಿದ ಫೋನು ಕೈಯಲ್ಲಿತ್ತು. ನನ್ನ ಮೇಲೆ ಸಿಟ್ಟಾಗಲಿಲ್ಲ. ಒಳಗ ಹೋಗ್ರಿ, ನಿಮ್ಮ ದಾರಿನ ನೋಡಾಕ ಹತ್ಯಾಳ ಎಂದ. ಸಿಟ್ಟಾಗಿದ್ದರೆ ಹೋಗುವುದು ಸುಲಭವಿತ್ತು.

ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕುಬಸದ ಹಸಿರು ಬಳೆ ಇನ್ನೂ ಕೈಯಲ್ಲಿದ್ದವು. ನಾನು ಸ್ಟೂಲು ಎಳೆದು ಕುಳಿತು, ಯಾರೂ ಕೇಳದಿದ್ದರೂ ಸುಳ್ಳು ಶುರು ಮಾಡಿದೆ. ಅಂಗಡಿಯಲ್ಲಿ ನೆಟ್ ಕೆಟ್ಟಿತ್ತು, ಎಷ್ಟೋ ದಿನದಿಂದ ಆಟ ತೆರೆದೇ ಇಲ್ಲ, ಆ ಎರಡು ದಿನ ಆದಮೇಲೂ ನೀನು ಸೇತುವೆಗೆ ಬರುತ್ತಿದ್ದದ್ದು ಗೊತ್ತೇ ಆಗಲಿಲ್ಲ ಎಂದೆ.

ಅವಳು ತಿರುಗಿದಳು. ತುಟಿ ಒಣಗಿತ್ತು. ಆದರೂ ನಕ್ಕಳು.

"ಅಣ್ಣ, ನೀ ಅಡಗಿದ್ದು ಕರಿ ಡಬ್ಬಿಯಾಗ. ನಾ ಇರಾದು ಬಿಳಿಯಾಗ. ಆಟದ ಪಟ್ಟಿಯಾಗ ನಿನ್ನ ಹೆಸರ ಮುಂದ ದಿನಾ ಹಸಿರು ಚುಕ್ಕಿ ಇತ್ತು."

ಅವಳು ಹೇಳಿದ್ದು ಸರಿ. ಆಫ್‌ಲೈನ್ ಆಗಿ ಕಾಣುವ ಆ ಸಾಲು ಮುಚ್ಚುವುದು ಕರಿ ಡಬ್ಬಿಯ ಗೆಳೆಯರ ಕಣ್ಣನ್ನು ಮಾತ್ರ. ಆ ಆಟದ ಪಟ್ಟಿ ಬೇರೆಯದು, ಡಬ್ಬಿಯ ಮಾತು ಅದು ಕೇಳುವುದಿಲ್ಲ. ಊರಿಗೆಲ್ಲ ಹೋಲಿಸಿ ಹೇಳುವ ನನಗೆ ಇದು ಹೊಳೆದಿರಲಿಲ್ಲ. ದಿನವೂ ಅವಳು ಸೇತುವೆಯ ಬಾಯಲ್ಲಿ ನಿಂತು, ನಾನು ಊರಿನ ಇನ್ನೊಂದು ತುದಿಯಲ್ಲಿ ಸುತ್ತುವುದನ್ನು ಅದೇ ನಕ್ಷೆಯಲ್ಲಿ ನೋಡಿದ್ದಳು. ನೋಡಿಯೂ ಮರುದಿನ ಮತ್ತೆ ಬಂದು ನಿಂತಿದ್ದಳು.

"ಊರಿಗೆಲ್ಲ ಆನ್‌ಲೈನ್ ಪಾಠ ಹೇಳಾವ," ಅಂದಳು ಮೆಲ್ಲಗೆ, "ತಂಗಿಗೆ ಮಾತ್ರ ಆಫ್‌ಲೈನ್."

ನನ್ನ ಕೋಣೆಯಲ್ಲಿದ್ದಿದ್ದರೆ ಮಗು ದಿನ ತುಂಬಿ ಹುಟ್ಟುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ನೋವು ಬಂದಾಗ ಅವಳು ಒಬ್ಬಳೇ ಗೋಡೆ ಹಿಡಿದು ನಡೆಯಬೇಕಾಗಿರಲಿಲ್ಲ. ಕಾರಿಡಾರಿನ ಆಚೆಯಿಂದ ಒಂದು ಸಣ್ಣ ಅಳು ಕೇಳಿತು. ನಮ್ಮದೋ, ಬೇರೆಯವರದೋ. ಇಬ್ಬರೂ ಉಸಿರು ಹಿಡಿದು ಆಲಿಸಿದೆವು. ಅಳು ನಿಂತಿತು. ಅವಳ ಕೈ ನನ್ನ ಅಂಗಿಯ ತೋಳು ಹಿಡಿದಿತ್ತು, ಕಂಪ್ಲಿಯಲ್ಲಿ ನೀರು ಏರಿದ ದಿನ ಹಿಡಿಯುತ್ತಿದ್ದಂತೆ.

ಆಗ ಬಾಯಿ ಬಿಟ್ಟೆ.

"ತಂಗೆವ್ವ, ನಾ ನೋಡಿದ್ದೆ. ನೀ ಸೇತುವೆ ಬಾಯಾಗ ದೀಪ ಆರಿಸಿ ನಿಂತಿದ್ದು ದಿನಾ ನೋಡಿದ್ದೆ. ಕರ್ಕಂಡು ಹೋಗಾಕ ಹೆದರಿ ಅಡಗಿ ಕುಂತಿದ್ದೆ. ತಪ್ಪಾತವ್ವ, ನಂದ ತಪ್ಪು."